ಹೆಸರು ಕೇಳುವ ಫಂಕ್ಷನ್

ಜೂನ್ ೩, ಬೆಳಿಗ್ಗೆ ೭
ವೆಬ್‌ಸೈಟಿಗೆ ಹಾಕಲು ಇನ್ನೂ ನಲವತ್ತು ಒಡಪು ಟೈಪ್ ಆಗಬೇಕು. ಎಲ್ಲ ಬಾಜು ಮನೆಯ ಅಜ್ಜಿ, ಫಕೀರವ್ವ ಆಯಿ ಹೇಳಿದ್ದು. ಗಂಡನ ಹೆಸರು ಕೂಡಿಸಿ ಹೇಳುವ ಎರಡೆರಡು ಸಾಲು. ನಮ್ಮೂರು ಯರಗುಪ್ಪಿಯಲ್ಲಿ ಇಷ್ಟು ಬೇರೆ ಯಾರಿಗೂ ಬರುವುದಿಲ್ಲ.

ಬಿಸಿ ರೊಟ್ಟಿಮ್ಯಾಲ ಬೆಣ್ಣಿ ಇಟ್ಟೀನಿ,
*ಲಕ್ಷ್ಮಣಪ್ಪ*ನವರ ಹೆಸರ ಸೆರಗಿನ್ಯಾಗ ಕಟ್ಟೀನಿ.

ಹೆಸರಿನ ಆಚೀಚೆ ಸ್ಟಾರ್ ಹಾಕುವುದಷ್ಟೇ ನನ್ನ ಕೆಲಸ. ಸಾದಾ ಪಠ್ಯವನ್ನು ಎಚ್‌ಟಿಎಂಎಲ್, ಅಂದರೆ ವೆಬ್ ಪುಟ, ಮಾಡುವುದು ಲೈಬ್ರರಿ ಎಂಬ ಸಿದ್ಧ ಕೋಡ್. ಯಾರೋ ಬರೆದು ಪುಕ್ಕಟೆ ಇಟ್ಟಿದ್ದಾರೆ. ಅವರ ಹೊಟ್ಟೆ ತಣ್ಣಗಿರಲಿ.

ಜೂನ್ ೯
ಸೈಟ್ ಹಾಕಿದೆ. ಆಯಿಯ ಸೊಸೆ ಮಲ್ಲಮ್ಮ ಮೊಬೈಲಿನಲ್ಲಿ ತೋರಿಸಿದಳು. ಆಯಿ ನಾಲ್ಕನೇ ಇಯತ್ತೆ ಓದಿದವರು, ತಾವೇ ಓದಿದರು. ಮುಖ ಕೆಂಪಗಾಯಿತು. ಸ್ಟಾರ್ ಹಾಕಿದ ಹೆಸರೆಲ್ಲ ಬೋಲ್ಡ್ ಆಗಿ ಬಂದಿತ್ತು.

“ಹೆಸರ ಹಂಗ ಸುಮ್ನ ಹೇಳೂದಲ್ಲವಾ ಐಶ್ವರ್ಯಾ. ಮಂದಿ ಕೇಳಬೇಕು, ಕಾಡಬೇಕು. ಆಮ್ಯಾಲ ಹೇಳೂದು. ನೀ ಸಂತ್ಯಾಗ ಒದರಿದಂಗ ಬರದೀ. ನಂದಷ್ಟೂ ತಗದ ಬಿಡು.”

ಅಷ್ಟೂ ಅವರದೇ. ತೆಗೆದರೆ ಸೈಟಿನಲ್ಲಿ ಏನು ಉಳಿಯುತ್ತದೆ? ವಾರದ ಸಮಯ ಬೇಡಿದೆ. “ಹೂಂ” ಎಂದರು, ಮುಖ ನೋಡದೆ.

ಜೂನ್ ೧೧
ಲೈಬ್ರರಿಯ ಡಾಕ್ಯುಮೆಂಟೇಷನ್ ಓದಿದೆ. ಮೊದಲೇ ಓದಬೇಕಿತ್ತು, ಹುಂಬಿ ನಾನು. ಸ್ಟಾರ್ ಹಾಕಿದ ಪದ ಸಿಕ್ಕಾಗ ಲೈಬ್ರರಿ ಏನು ಮಾಡಬೇಕೆಂದು ನಾನೇ ಹೇಳಬಹುದಂತೆ. ಒಂದು ಫಂಕ್ಷನ್, ಅಂದರೆ ಕೋಡಿನ ಪುಟ್ಟ ತುಣುಕು, ಬರೆದು ಅದರ ಕೈಗೆ ಕೊಡುವುದು. ಪದ ಸಿಕ್ಕಿದಾಗಲೆಲ್ಲ ಅದು ನಿಂತು ನನ್ನ ಫಂಕ್ಷನ್ನನ್ನು ಕರೆಯುತ್ತದೆ, ನಾನು ಕೊಟ್ಟದ್ದನ್ನೇ ಪುಟದಲ್ಲಿ ಇಡುತ್ತದೆ. ಇದಕ್ಕೆ ಕಾಲ್‌ಬ್ಯಾಕ್ ಅನ್ನುತ್ತಾರೆ. ಕೇಳದೆ ಮುಂದೆ ಹೋಗುವುದಿಲ್ಲ ಪುಣ್ಯಾತ್ಮ.

ಜೂನ್ ೧೨
ಎಲ್ಲ ಹೆಸರೂ ಮಾಯ! ಫಂಕ್ಷನ್ನಿನ ಕೊನೆಗೆ ಉತ್ತರ ವಾಪಸ್ ಕೊಡುವ ‘ರಿಟರ್ನ್’ ಬರೆಯುವುದನ್ನೇ ಮರೆತಿದ್ದೆ. ಲೈಬ್ರರಿ ಕೇಳಿತು, ನಾನು ಏನೂ ಕೊಡಲಿಲ್ಲ, ಅದು ಏನೂ ಇಡಲಿಲ್ಲ.

ಮಲ್ಲಮ್ಮ ನೋಡಿದಳು. “ನಮ್ಮ ಅತ್ತಿಯವರಿಗೆ ಇದನ್ನ ತೋರಸಬ್ಯಾಡ್ರಿ. ಮಾವ ತೀರಿಹೋಗಿ ಹನ್ನೊಂದು ವರ್ಷಾತು. ಅವತ್ತಿಂದ ಯಾವ ಮದುವ್ಯಾಗೂ ಅವರಿಗೆ ಒಡಪ ಹೇಳಂತ ಯಾರೂ ಕೇಳಿಲ್ರಿ.”

ಇದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

ಜೂನ್ ೧೫
ಆಯಿತು. ಹೆಸರಿನ ಜಾಗದಲ್ಲಿ ಈಗ ಒಂದು ಬಟನ್: “ಹೆಸರ ಹೇಳ್ರಿ.” ಒತ್ತಿದರೆ ಮಾತ್ರ ಹೆಸರು. ಐದೇ ಸಾಲಿನ ಫಂಕ್ಷನ್.

ಆಯಿ ಒತ್ತಿದರು. ಮತ್ತೊಂದು ಒತ್ತಿದರು. ಮೂವತ್ತಾದರೂ ಒತ್ತಿರಬೇಕು, ಚಹಾ ಆರಿಹೋಯಿತು.

“ಎಷ್ಟ ಸಲ ಕೇಳತೈತಿ ಇದು,” ಎಂದು ಕಣ್ಣೊರೆಸಿಕೊಂಡರು. ತೆಗೆ ಅನ್ನಲಿಲ್ಲ. ಆ ಲೈಬ್ರರಿ ಬರೆದವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಥ್ಯಾಂಕ್ಸ್ ಬರೆದೆ. ಒಡಪು ಅಂದರೇನು ಅಂತ ತಿಳಿಸಲು ಆಗಲಿಲ್ಲ.

ಜೂನ್ ೨೨, ಸಂಜೆ ೫
ಆಯಿ ತಾವಾಗಿಯೇ ಬಂದು ಕೂತರು. “ಹೊಸಾದೊಂದು ಐತಿ, ಬರಕೋ.” ಇಷ್ಟು ವರ್ಷದ ಮೇಲೆ ಹೊಸದು! ಲ್ಯಾಪ್‌ಟಾಪ್ ತೆಗೆದೆ.

ಹತ್ತಿ ಬಿಡಿಸಿ ಬಂದ ಕಟ್ಟಿಮ್ಯಾಲ ಕುಂತೀನಿ,
ಹನ್ನೊಂದ ವರ್ಷಾತು, ಇನ್ನೂ ಹಾದಿ ನೋಡತೀನಿ...

ಅಲ್ಲಿಗೇ ನಿಲ್ಲಿಸಿದರು. ಮರೆತರೇನೋ ಅಂದುಕೊಂಡೆ. ಮರೆತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

“ಯಾರ ಹಾದಿರೀ ಆಯಿ? ಹೆಸರ ಹೇಳ್ರಿ.”

ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ, ನಿಧಾನಕ್ಕೆ —