ಬಿದ್ದದ್ದು ದುರ್ಯೋಧನನಲ್ಲ

೧೯೯೭ ಜನವರಿ ೧೯, ಭಾನುವಾರ. ಬೆಳಿಗ್ಗೆ

ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದ್ದಾಯಿತು. ಹಿತ್ತಲಲ್ಲಿ ನಿಂತು ‘ಎಲವೋ ಭೀಮಸೇನಾ!’ ಎಂದು ಗರ್ಜಿಸಿದ್ದೂ ಆಯಿತು. ಸೇಲಂನ ಗುಗೈ ಪೇಟೆಯ ನಮ್ಮ ಬೀದಿಯ ಮಗ್ಗಗಳೆಲ್ಲ ಒಂದು ಗಳಿಗೆ ಸುಮ್ಮನಾದವು. ಕಂಠಕ್ಕೆ ಇನ್ನೂ ಅರವತ್ತೆರಡು ಆಗಿಲ್ಲ. ಎದೆಗೆ ಆಗಿದೆ.

ಇಲ್ಲಾದರೂ ಬರೆಯುತ್ತೇನೆ. ಹೋದ ತಿಂಗಳು ಹರೂರಿನಲ್ಲಿ, ನಮ್ಮ ನೇಕಾರರ ನಾಟಕ ಸಭೆಯ ಆಟ. ನಾನು ದುರ್ಯೋಧನ. ಎದುರಿಗೆ ಭೀಮನಾಗಿ ಅಕ್ಕನ ಮಗ ಗೋವಿಂದರಾಜು. ಗದೆ ಎತ್ತಿದ. ಇನ್ನೂ ಬೀಸಿರಲಿಲ್ಲ. ಎದೆಯ ಮೇಲೆ ಯಾರೋ ಮಗ್ಗದ ಹಲಗೆ ಇಟ್ಟು ಒತ್ತಿದ ಹಾಗೆ... ಎಡಗೈ ಜೋತುಬಿತ್ತು. ಬೆವರು ಮುಖದ ಬಣ್ಣವನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಬಿದ್ದೆ.

ಬಿದ್ದದ್ದು ದುರ್ಯೋಧನನಲ್ಲ. ನಾನು.

ಆಹಾ, ಅದೇನು ಚಪ್ಪಾಳೆ! ಅದೇನು ಶಿಳ್ಳೆ! ಪರದೆ ಬಿದ್ದ ಮೇಲೆ ನೋವು ತಾನಾಗಿ ಇಳಿಯಿತು. ಎದ್ದು ಕೂತರೆ ಕೊರಳಿಗೆ ಜರಿ ಶಾಲು. ಪಂಚಾಯ್ತಿಯವರು ಹೊದಿಸಿದ್ದು. ಇಷ್ಟು ವರ್ಷ ನಟಿಸಿದ್ದಕ್ಕೆ ಬಾರದ ಶಾಲು, ನಟಿಸದೆ ಇದ್ದದ್ದಕ್ಕೆ ಬಂತು.

ಯಾರಿಗೂ ಹೇಳಿಲ್ಲ. ಹೆಂಡತಿ ಚಿನ್ನತಾಯಿಗೂ. ಅವಳು ಆ ಶಾಲನ್ನು ಬಂದವರಿಗೆಲ್ಲ ಬಿಚ್ಚಿ ತೋರಿಸುತ್ತಾಳೆ.

ಜನವರಿ ೨೧. ಮಧ್ಯಾಹ್ನ

ಎದುರುಮನೆ ಕುಪ್ಪುಸ್ವಾಮಿ ಹೊಟ್ಟೆ ಆಪರೇಷನ್‌ಗೆ ಎರಡು ಮಗ್ಗ ಮಾರಿದಂದಿನಿಂದ ಚಿನ್ನತಾಯಿಗೆ ಸಮಾಧಾನವಿಲ್ಲ. ಇಂದು ಇನ್ಶೂರೆನ್ಸ್ ಏಜೆಂಟ್ ಧನಪಾಲ್‌ನನ್ನು ಅವಳೇ ಕರೆಸಿದಳು.

ಎರಡು ದಾರಿ ಇಟ್ಟ. ಒಂದು, ಮೆಡಿಕ್ಲೇಮ್ ಪಾಲಿಸಿ. ಯಾವ ಊರಿನ ಆಸ್ಪತ್ರೆಯಾದರೂ ಸರಿ, ಖರ್ಚು ವಾಪಸ್ ಬರುತ್ತದೆ. ಆದರೆ ನಮ್ಮ ವಯಸ್ಸಿನವರಿಗೆ ಮೊದಲು ಡಾಕ್ಟರ್ ತಪಾಸಣೆ, ಇ.ಸಿ.ಜಿ., ಹಿಂದೆ ಇದ್ದ ಕಾಯಿಲೆಗಳ ಪ್ರಶ್ನೆ. ಇನ್ನೊಂದು, ಸೇಲಂನ ಹೊಸ ಖಾಸಗಿ ಆಸ್ಪತ್ರೆಯೊಂದರ ಕುಟುಂಬ ಕಾರ್ಡು. ಒಂದು ಪ್ರಶ್ನೆಯೂ ಇಲ್ಲ. ಫೋಟೋ ಕೊಟ್ಟರೆ ಸಾಕು.

ನನ್ನ ಕಣ್ಣು ಕಾರ್ಡಿನ ಮೇಲೆ.

“ಉಂಗಳುಕ್ಕು ಎದುಕ್ಕಣ್ಣೇ ಕಾರ್ಡು? ಸಿಂಗಂ ಮಾದಿರಿ ಇರುಕ್ಕೀಂಗ!” ಎಂದ ಧನಪಾಲ್. ನನಗೆ ಕಾರ್ಡು ಏಕೆ, ನಾನು ಸಿಂಹವಂತೆ! ಎದೆ ಉಬ್ಬಿಸಿದೆ. ಉಬ್ಬಿಸಿದ ಕೂಡಲೇ ಒಳಗೆ ಸಣ್ಣಗೆ ಚುಚ್ಚಿತು. ಉಬ್ಬಿಸಿಕೊಂಡೇ ಕೂತೆ, ಅವನು ಕಾಫಿ ಕುಡಿದು ಹೋಗುವ ತನಕ.

ಜನವರಿ ೨೩

ಭೂತಗನ್ನಡಿ ಹಿಡಿದು ಕಾರ್ಡಿನ ಕಾಗದ ಓದಿದೆ. ಇರುವೆಯಂಥ ಅಕ್ಷರ. ಆ ಒಂದು ಆಸ್ಪತ್ರೆಯಲ್ಲಿ ಮಾತ್ರ. ಹಾಸಿಗೆ, ಡಾಕ್ಟರ್ ಫೀಸು, ಅಷ್ಟೇ. ಔಷಧ ನಮ್ಮದು. ಆಪರೇಷನ್ನೂ ನಮ್ಮದು. ಹಾಗಾದರೆ ಅವರದ್ದೇನು? ನಮ್ಮ ಫೋಟೋ!

ಓದುತ್ತಿರುವಾಗಲೇ ಗೋವಿಂದರಾಜು ಬಂದ. ಮುಂದಿನ ತಿಂಗಳು ಪೆನ್ನಾಗರಂನಲ್ಲಿ ಆಟವಂತೆ.

“ಮಾವಾ, ಅರೂರಲ್ಲಿ ಬಿದ್ರಲ್ಲ, ಅಂಗೇ ಬೀಳ್ಬೇಕಂತೆ. ಅದಕ್ಕೇ ನಮ್ಮುನ್ ಕರೆದೌರೆ.”

“ಬಿದ್ದರಾಯಿತು,” ಎಂದೆ.

“ಆದ್ರೆ ಒಂದ್ ಮಾತು. ನನ್ ಗದೆ ಗಾಳೀಗೇ ಬಿದ್ರಿ ಅಂತ ಊರೆಲ್ಲ ನಗ್ತೈತೆ. ಈ ಸಲ ಒಂದ್ ಏಟಾದ್ರೂ ಒಡಿಸ್ಕೊಂಡು ಬೀಳಿ. ಭೀಮನ ಮಾನಾನೂ ವಸಿ ನೋಡಿ.”

ಚಿನ್ನತಾಯಿ ಒಲೆಯ ಮುಂದಿನಿಂದಲೇ, “ನಿನ್ ಕೈಲಿ ಗದೆ ಏಳಾದ್ರೊಳ್ಗೆ ನಿಮ್ಮಾವ ಸತ್ತು ಎದ್ದು ಊಟ ಮುಗಿಸಿರ್ತಾರೆ, ಓಗ್ಲಾ!” ಎಂದಳು. ಇಬ್ಬರೂ ನಕ್ಕರು. ನಾನೂ ನಕ್ಕೆ. ಅಟ್ಟಹಾಸವನ್ನೇ ಮಾಡಿದೆ.

ಪೆನ್ನಾಗರಂನಲ್ಲಿ ನಿಜವಾಗಿ ಬಿದ್ದರೆ? ಸೇಲಂ ಎಷ್ಟು ದೂರ... ಕಾರ್ಡು ಜೇಬಿನಲ್ಲೇ ಇರುತ್ತದೆ.

ಜನವರಿ ೨೭

ಬಸ್ ಸ್ಟ್ಯಾಂಡ್ ಮೆಟ್ಟಿಲಲ್ಲಿ ಮತ್ತೆ. ಹಲಗೆ. ಕಂಬ ಹಿಡಿದು, ಬಸ್ ಬೋರ್ಡ್ ಓದುವವನಂತೆ ನಿಂತೆ. ನಲ್ಲಂಪಳ್ಳಿ, ನಲ್ಲಂಪಳ್ಳಿ ಎಂದು ಅದನ್ನೇ ಓದಿದೆ.

ಅಲ್ಲಿಂದ ನೆಟ್ಟಗೆ ಧನಪಾಲ್‌ನ ಅಂಗಡಿಗೆ. ಕೇಳಿದೆ — ನನಗಲ್ಲ, ಸ್ನೇಹಿತನೊಬ್ಬನಿಗೆ ಎಂದು. ಎದೆನೋವು ಬಂದವನು ಪಾಲಿಸಿಯಲ್ಲಿ ಏನು ಬರೆಯಬೇಕು?

“ಎಲ್ಲಾರುಂ ‘ಇಲ್ಲೈ’ನ್ನು ದಾನ್ ಎಳುದುವಾಂಗಣ್ಣೇ.” ಎಲ್ಲರೂ ಇಲ್ಲವೆಂದೇ ಬರೆಯುತ್ತಾರಂತೆ. ಆಮೇಲೆ ಸಿಕ್ಕಿಬಿದ್ದರೆ? ದುಡ್ಡು ಬರುವುದಿಲ್ಲ, ಪಾಲಿಸಿಯೂ ರದ್ದು. ಧನಪಾಲ್ ದನಿ ತಗ್ಗಿಸಿದ. ಆ ಸ್ನೇಹಿತರಿಗೆ ನೋವು ಬಂದದ್ದನ್ನು ಯಾರಾದರೂ ನೋಡಿದ್ದಾರಾ?

ಊರಿಗೆ ಊರೇ ನೋಡಿತು, ಧನಪಾಲಾ. ಒಬ್ಬರೂ ನೋಡಲಿಲ್ಲ.

ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಬರುವಾಗ ದಾರಿಯುದ್ದಕ್ಕೂ ಅದೇ ಚಿತ್ರ: ಪೆನ್ನಾಗರಂನ ರಂಗ. ಎಡಗೈ ಜೋತುಬೀಳುತ್ತದೆ. ಉಸಿರು ನಿಲ್ಲುತ್ತದೆ. ‘ಕಾಪಾಡಿ’ ಎನ್ನುತ್ತೇನೆ. ಆಹಾ ಎಂಥ ನಟನೆ ಎನ್ನುತ್ತಾರೆ. ನಾನು ಸಾಯುತ್ತಿದ್ದೇನೆ, ಜನ ‘ಒನ್ಸ್ ಮೋರ್’ ಎನ್ನುತ್ತಿದ್ದಾರೆ...

ಫೆಬ್ರವರಿ ೩, ಸೋಮವಾರ. ಸಂಜೆ

ಕಾರ್ಡು ಬಿಟ್ಟು ಪಾಲಿಸಿಗೇ ಅರ್ಜಿ ಹಾಕಿದ್ದಾಯಿತು. ಅದರ ತಪಾಸಣೆಯೂ ಮುಗಿಯಿತು. ಮುಗಿಯಿತೋ, ಮುಗಿದೆನೋ.

ಡಾಕ್ಟರ್ ಸುಬ್ಬರಾಯನ್. ಮೊದಲು ಚಿನ್ನತಾಯಿಯ ಸರದಿ. ಮಂಡಿನೋವು ಬಿಟ್ಟರೆ ಕಲ್ಲುಗುಂಡು. ಆಮೇಲೆ ನನ್ನ ಎದೆಗೆ ವೈರು ಅಂಟಿಸಿ ಇ.ಸಿ.ಜಿ. ಎಳೆದರು. ಉದ್ದ ಕಾಗದ ನೋಡಿ, “ಚೆನ್ನಾಗೇ ಇದೆ ಐಯಾ,” ಎಂದರು. ಎಂಥಾ ಘೋರ! ಯಂತ್ರವೂ ನನ್ನ ಪಕ್ಷಕ್ಕೆ ಬಂದುಬಿಟ್ಟಿತು. ಇನ್ನು ಒಂದು ‘ಇಲ್ಲ’ ಸಾಕು.

ಪೆನ್ನು ಹಿಡಿದರು. ಹಿಂದೆ ಎಂದಾದರೂ ಎದೆನೋವು?

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ನಕ್ಕರು. “ನಿಮಗೆಲ್ಲಿಂದ! ಹರೂರಲ್ಲಿ ನೀವು ಬಿದ್ದದ್ದು ನೋಡಿದೆ. ಅಲ್ಲಿ ನಮ್ಮ ಮಾವನ ಮನೆ. ಆ ಬೆವರು, ಆ ಮುಖ... ಡಾಕ್ಟರ್ ನಾನೇ ಕುರ್ಚಿಯಿಂದ ಅರ್ಧ ಎದ್ದಿದ್ದೆ. ಆಮೇಲೆ ಜನ ಚಪ್ಪಾಳೆ ಹೊಡೆದರು, ಕೂತೆ.”

“ಪೆನ್ನಾಗರಕ್ಕೂ ಬನ್ನಿ ಸಾರ್,” ಎಂದಳು ಚಿನ್ನತಾಯಿ, ಮುಖವೆಲ್ಲ ಬೆಳಕು. “ಅಲ್ಲೂ ಅಂಗೇ ಬೀಳ್ತಾರೆ.”

ನೋಡಿದೆ. ಮುಂದಿನ ಸಾಲಿನಲ್ಲಿ ಡಾಕ್ಟರ್, ಪಕ್ಕದಲ್ಲಿ ನನ್ನ ಹೆಂಡತಿ. ಇಬ್ಬರೂ ಕೈ ತಟ್ಟುತ್ತಿರುವಂತೆ ಕಂಡಿತು.

“ಅರ್ಧ ಎದ್ದದ್ದು ಸರಿ ಡಾಕ್ಟರ್,” ಎಂದೆ. “ಕೂತದ್ದು ತಪ್ಪು.”

ಮೂರನೇ ಸಾಲಿಗೂ ಕೇಳದ ದನಿ. ಆದರೂ ಇಬ್ಬರಿಗೂ ಕೇಳಿತು. ಹಲಗೆ, ಕೈ, ಬೆವರು, ಬಸ್ ಸ್ಟ್ಯಾಂಡ್ ಎಲ್ಲ ಹೇಳಿದೆ. ಡಾಕ್ಟರ್ ಪೆನ್ನು ಕೆಳಗಿಟ್ಟು ನನ್ನ ನಾಡಿ ಹಿಡಿದರು. ನೋವಿಲ್ಲದ ಹೊತ್ತಿನಲ್ಲಿ ಇ.ಸಿ.ಜಿ. ಚೆನ್ನಾಗಿ ಬರಬಹುದಂತೆ. ಹೃದಯದ ಡಾಕ್ಟರಿಗೆ ಚೀಟಿ ಬರೆದರು. ನಾಲಿಗೆ ಕೆಳಗಿಡುವ ಮಾತ್ರೆ. ಗದೆ, ಕಿರೀಟ ಎರಡೂ ಬಂದ್.

ಟೌನ್ ಬಸ್ಸಿನಲ್ಲಿ ಚಿನ್ನತಾಯಿ ಆ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಫೆಬ್ರವರಿ ೪

ಬೆಳಿಗ್ಗೆ ಶಾಲು ಒಗೆದು ಹಿತ್ತಲ ಹಗ್ಗಕ್ಕೆ ಹಾಕಿದಳು. ಒಗೆಯುವಂಥದ್ದೇನೂ ಆಗಿರಲಿಲ್ಲ ಅದಕ್ಕೆ.

“ನಾಟ್ಕದಲ್ಲಿ ಅದೆಷ್ಟ್ ಸಲ ಸತ್ರೋ! ಒಂದ್ ಸಲ ನಿಜ ಏಳಕ್ಕಾಗ್ಲಿಲ್ವಾ ನಿಮ್ಗೆ?”

ಜೋತುಬಿದ್ದ ಶಾಲಿನ ಅಂಚನ್ನು ಹಗ್ಗದ ಮೇಲೆ ಎಳೆದು ಸರಿಮಾಡಿದೆ.

ಬಕೆಟ್ ಪಕ್ಕ ಕೂತು ಒದ್ದೆ ಕೈ ನೋಡಿಕೊಂಡಳು. “ಅವತ್ತು ಮೊದ್ಲು ಚಪ್ಪಾಳೆ ಒಡ್ದಿದ್ದು ನಾನು. ನನ್ನ ನೋಡೇ ಎಲ್ರೂ ಒಡುದ್ರು.”

ಫೆಬ್ರವರಿ ೧೪

ಧನಪಾಲ್ ಬಂದ, ಮುಖ ಊದಿಸಿಕೊಂಡು. ಅವಳಿಗೆ ಪೂರ್ತಿ ಪಾಲಿಸಿ. ನನಗೂ ಕೊಡುತ್ತಾರೆ, ಹೃದಯವೊಂದನ್ನು ಬಿಟ್ಟು. ಅದಕ್ಕೆ ಸಂಬಂಧಪಟ್ಟ ಯಾವ ಖರ್ಚೂ ಇಲ್ಲ.

ಗಾಂಧಾರಿ ಕಣ್ಣುಬಿಟ್ಟು ನೋಡಿದ್ದಕ್ಕೆ ದುರ್ಯೋಧನನ ಮೈಯೆಲ್ಲ ವಜ್ರವಾಯಿತು. ನಾಚಿ ಮರೆಮಾಡಿದ ತೊಡೆ ಮಾತ್ರ ಮಾಂಸವಾಗಿ ಉಳಿಯಿತು. ಅವನು ಮುಚ್ಚಿಟ್ಟು ಕೆಟ್ಟ. ನಾನು ಬಿಚ್ಚಿ ತೋರಿಸಿಯೂ ನನ್ನ ಎದೆ ಮಾಂಸವೇ! ಹಾಗಾದರೆ ಏನು ಲಾಭ? ಇದಕ್ಕಿಂತ ಆ ಕಾರ್ಡೇ...

“ನಾನ್ ಅಪ್ಪವೇ ಸೊನ್ನೇನ್,” ಎಂದ ಧನಪಾಲ್. ಆಗಲೇ ಹೇಳಿದೆನಲ್ಲ ಎನ್ನುವ ಮೋರೆ. ಸ್ನೇಹಿತ ಯಾರೆಂದು ಅವನಿಗೆ ಅಂದೇ ಗೊತ್ತಿತ್ತೇನೋ.

ಚಿನ್ನತಾಯಿ ನಡುವೆ ಬಂದಳು. “ಕಂಬ್ಳೀಲಿ ಒಂದ್ ತೂತೈತೆ ಅಂತ ಕಂಬ್ಳೀನೇ ಬಿಸಾಕ್ತಾರಾ? ಕಣ್ಣು, ಕಿಡ್ನಿ, ಕೈಕಾಲು ಎಲ್ಲಾ ಐತಲ್ಲ ಅದ್ರಲ್ಲಿ. ಅದೇ ಬರ್ಕೊಳಪ್ಪಾ. ಎದೆ ಸಮಾಚಾರ ನಾನ್ ನೋಡ್ಕೋತೀನಿ.”

ಸಹಿ ಹಾಕಿದೆ. ಇದು ನಟನೆಯಲ್ಲ.

ಫೆಬ್ರವರಿ ೨೪. ಬೆಳಿಗ್ಗೆ

ಪೆನ್ನಾಗರಂನಿಂದ ನಿನ್ನೆ ಬಂದೆವು. ನಾನು ಹಾರ್ಮೋನಿಯಂ ಪಕ್ಕ ಕೂತು ಮಾತು ಎತ್ತಿಕೊಟ್ಟವನು. ದುರ್ಯೋಧನ ಗೋವಿಂದರಾಜು. ಭೀಮ ನಮ್ಮ ಸಭೆಯ ಮುತ್ತುಸ್ವಾಮಿ. ಅಲ್ಲಿಯವರಿಗೆ ಬೇಸರ, ಆ ಬಿದ್ದ ಮನುಷ್ಯ ಎಲ್ಲಿ ಎಂದು. ಕೇಳಿಯೂ ಕೇಳದವನಂತಿದ್ದೆ. ಮಾತ್ರೆ ಜೇಬಿನಲ್ಲಿ. ಮುಟ್ಟಿ ಮುಟ್ಟಿ ನೋಡಿದೆ.

ಗೋವಿಂದರಾಜು ಬಿದ್ದ. ನನ್ನಷ್ಟು ಚೆನ್ನಾಗಿಲ್ಲ. ಹೇಗೆ ಚೆನ್ನಾಗಿರಲು ಸಾಧ್ಯ! ಜನ ಚಪ್ಪಾಳೆ ಹೊಡೆದರು. ಮುಂದಿನ ಸಾಲಿನಲ್ಲಿ ಚಿನ್ನತಾಯಿ ಕೈ ಕಟ್ಟಿ ಕೂತಿದ್ದಳು. ಪಕ್ಕದವರು ಇವಳನ್ನೇ ನೋಡುತ್ತಿದ್ದರು. ಕತ್ತು ಚಾಚಿ, ಕಣ್ಣು ಮಿಟುಕಿಸದೆ ಅವನ ಎದೆಯನ್ನು ನೋಡುತ್ತಿದ್ದಳು, ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು. ಆಟ ಮುಗಿದು, ಪರದೆ ಸರಿದು, ಅವನು ಎದ್ದು ನಿಂತು ಕೈಮುಗಿದ.

ಆಗ ಹೊಡೆದಳು ಚಪ್ಪಾಳೆ. ಎಲ್ಲರದೂ ಮುಗಿದ ಮೇಲೆ, ಒಬ್ಬಳೇ.

ಇವತ್ತು ಹೃದಯದ ಡಾಕ್ಟರ್. ಒಳಗೆ ಒಂದೇ ಸಮನೆ ಡವಡವ. ಭಯಕ್ಕೋ, ಅದಕ್ಕೋ, ತಿಳಿಯುತ್ತಿಲ್ಲ. ಚಿನ್ನತಾಯಿ ಆಗಲೇ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. “ಬರುದ್ದು ಸಾಕು, ಬಸ್ಸು ಓಗ್ತೈತೆ. ಏಳ್ರೀ,” ಎನ್ನುತ್ತಾಳೆ. ನಾನು ಮೇಲೇಳುವುದನ್ನೇ ನೋಡುತ್ತಿದ್ದಾಳೆ. ಎದ್ದೆ, ತಾಯಿ. ಇಗೋ, ಎದ್ದು —