ಎಡಗೈಯ ಅಲಗು

ಗುರುವಾರ, ಮಾರ್ಚ್ ೧೨

ಅಮ್ಮನ ಚಾಕುವನ್ನು ಸಾಣೆಯವನಿಗೆ ಕೊಡಬಾರದಿತ್ತು. ಅಟ್ಟ ಮೇಲೆ ಒಲೆ ಉರಿದಂತಾಯಿತು ನನ್ನ ಬುದ್ಧಿ.

ಕಮ್ಮಾರರು ಕೈಯಲ್ಲೇ ಬಡಿದು ಮಾಡಿದ ಹನ್ನೊಂದು ಚಾಕು ನನ್ನ ಹತ್ತಿರ ಇವೆ. ದಿನಕ್ಕೊಂದು ಹಿಡಿದು ತರಕಾರಿ ಹೆಚ್ಚುವುದೇ ಸುಖ. ಅವುಗಳಲ್ಲೊಂದು ತೀರಿಹೋದ ಅಮ್ಮನದು; ಅವಳದು ಎಡಗೈ. ಅವಳಿಗೆಂದೇ ಕಮ್ಮಾರ ಆ ಅಲಗನ್ನು ಒಂದೇ ಮಗ್ಗುಲಿಗೆ ಮಸೆದಿದ್ದ. ನನ್ನ ಬಲಗೈಯಲ್ಲಿ ಅದು ಸೌತೆಕಾಯಿಯನ್ನು ಓರೆಯಾಗಿಯೇ ಕತ್ತರಿಸುತ್ತಿತ್ತು, ಅವಳು ಕೈಹಿಡಿದು ಎಳೆದ ಹಾಗೆ.

"ಅಲಗು ವಾರೆ ಇತ್ತಣ್ಣ, ಎರಡೂ ಕಡೆ ಸಮ ಮಾಡಿದೀನಿ. ಇಷ್ಟು ದಿನ ಹೆಂಗೆ ಹೆಚ್ತಿದ್ರೋ," ಎಂದ ಸಾಣೆಯವ. ದುಡ್ಡು ಕೊಟ್ಟು ಮನೆಗೆ ಬಂದು ಒಂದು ಸೌತೆಕಾಯಿ ಹೆಚ್ಚಿದೆ.

"ಅಂತೂ ನಿಮ್ಮ ಬಿಲ್ಲೆ ನೆಟ್ಟಗಾದ್ವು," ಎಂದು ಹೆಂಡತಿ ನಕ್ಕಳು.

ಅವಳು ಮಲಗಿದ ಮೇಲೆ ಚಾಕುವನ್ನು ಎಡಗೈಗೆ ಬದಲಿಸಿ ಇನ್ನೊಂದು ಸೌತೆಕಾಯಿ ಹೆಚ್ಚಿದೆ. ಓರೆಯೇನೋ ಬಂತು. ಆದರೆ ಅಮ್ಮನ ಓರೆ ಇಷ್ಟಿರಲಿಲ್ಲ, ಇನ್ನೊಂದು ಎಳೆಯಷ್ಟು ಕಡಿಮೆ, ಇನ್ನೂ ಸ್ವಲ್ಪ ಎನ್ನುತ್ತ ಮತ್ತೊಂದು ಸೌತೆಕಾಯಿ ಎತ್ತಿಕೊಂಡೆ.