ಮುನ್ನೂರು ಜಾಕೆಟ್ ಜಗ್ಗಿದವಳು

ಕಾರ್ಖಾನೆಯ ಊಟದ ಕೋಣೆ,
ಮಾರ್ಚ್ ೧೧, ಮಧ್ಯಾಹ್ನ

ನನ್ನ ಮುದ್ದು ಮಗನೇ,

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ಹಾಸ್ಟೆಲಿನ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಬೇಡ. ಓದುವವರಿಗೆ ಬುದ್ಧಿ ಜಾಸ್ತಿ, ಮೈಮೇಲೆ ಎಚ್ಚರ ಕಮ್ಮಿ. ನನ್ನ ಮಂಡಿನೋವು ನಮ್ಮ ಮ್ಯಾನೇಜರನ ಹಾಗೆ, ಎಷ್ಟು ಬೈದರೂ ಜಾಗ ಬಿಟ್ಟು ಕದಲುವುದಿಲ್ಲ.

ತಂಗಿಯ ಪರೀಕ್ಷೆ ಏನಾಯಿತು ಎಂದು ಕೇಳಿದ್ದೀಯ. ಎಲ್ಲರಿಗಿಂತ ಕೊನೆಗೆ ಬಂದಳು. ಹೊಲಿಗೆ ಸಾಲಿನ ಮೇಲ್ವಿಚಾರಕಿಯನ್ನು ಮ್ಯಾನೇಜರ್ ತನ್ನ ಚೇಲಾಗಳ ಪೈಕಿ ಆರಿಸಬಾರದು, ಪರೀಕ್ಷೆ ಇಡಲಿ ಎಂದು ಗೇಟಿನೆದುರು ಹನ್ನೆರಡು ದಿನ ಕೂತವಳು ನಾನೇ ಅಲ್ಲವೇ? ಆ ಪರೀಕ್ಷೆಯೇ ನನ್ನ ಮಗಳನ್ನು ಬದಿಗೆ ತಳ್ಳಿತು. ತಳ್ಳಲಿ, ನ್ಯಾಯ ನ್ಯಾಯವೇ ಎಂದುಕೊಂಡೆ.

ಅಂಕಪಟ್ಟಿ ಅಂಟಿಸಿದ ದಿನವೇ ಅವಳು ಎಲ್ಲರೆದುರು ಮ್ಯಾನೇಜರ್ ಮುಂದೆ ಹೋಗಿ ನಿಂತಳು. ಮಕ್ಕಳ ಲೈಫ್ ಜಾಕೆಟ್ಟಿನ ಭುಜದ ಪಟ್ಟಿಗೆ ಎರಡು ಹೊಲಿಗೆ ಬೀಳಬೇಕು. ತಾನು ಕೆಲವಕ್ಕೆ ಒಂದೇ ಹಾಕಿದ್ದೇನೆ, ಯಾವುದಕ್ಕೆಂದು ಗೊತ್ತಿಲ್ಲ ಎಂದಳು. ಮುನ್ನೂರು ಜಾಕೆಟ್ ಆಗಲೇ ಪೆಟ್ಟಿಗೆ ಸೇರಿದ್ದವು. "ಸುಮ್ನಿರಮ್ಮ, ಯಾರಿಗೆ ಗೊತ್ತಾಗತ್ತೆ?" ಅಂದ ಆ ಮಹಾನುಭಾವ. "ನೀರಿಗೆ ಗೊತ್ತಾಗತ್ತೆ ಸಾರ್" ಅಂದಳು ಇವಳು. ಮಗನೇ, ಮೂವತ್ತು ವರ್ಷ ಮೈಕು ಹಿಡಿದು ಕಿರುಚಿದ್ದೇನೆ. ಮೂರು ಮಾತಲ್ಲಿ ಯಾರ ಬಾಯನ್ನೂ ಹೀಗೆ ಮುಚ್ಚಿಸಿಲ್ಲ.

ಕೆಲಸ ಹೋಗುತ್ತದೆಂದು ಹೆದರಿಸಿದರು. ಅವಳು ಪೆಟ್ಟಿಗೆ ಬಿಚ್ಚಿ ಒಂದೊಂದೇ ಪಟ್ಟಿ ಜಗ್ಗಿ ನೋಡತೊಡಗಿದಳು. ಬೈಗುಳಕ್ಕೆ ತಲೆ ಎತ್ತಲಿಲ್ಲ, ಅಳಲಿಲ್ಲ. ಮರುದಿನ ಸಾಲಿನ ಹೆಂಗಸರೆಲ್ಲ ಊಟ ಬಿಟ್ಟು ಪಕ್ಕದಲ್ಲಿ ಕೂತರು. ಎಲ್ಲರಿಗಿಂತ ಮುಂಚೆ ಬಂದವಳು ಯಾರು ಗೊತ್ತೇ? ಪರೀಕ್ಷೆಯಲ್ಲಿ ಮೊದಲು ಬಂದವಳು. "ಅಕ್ಕಾ, ನಂಗೆ ಉತ್ತರ ಬರತ್ತೆ, ಇದು ಬರಲ್ಲ. ಸಾಲು ನೀನೇ ನೋಡ್ಕೋ" ಎಂದಳಂತೆ. ಒಂದೇ ಹೊಲಿಗೆಯ ಒಂಬತ್ತು ಜಾಕೆಟ್ ಸಿಕ್ಕವು. ಒಂಬತ್ತು ಮಕ್ಕಳು!

ಇದನ್ನು ಯಾವ ಕಾಗದ ಅಳೆಯುತ್ತದಪ್ಪಾ? ನಿನ್ನ ದಪ್ಪ ಪುಸ್ತಕಗಳಲ್ಲಿ ಇದಕ್ಕೆ ಎಷ್ಟು ಅಂಕ? ನಾಳೆ ಸಂಘದ ಸಭೆ. ಪರೀಕ್ಷೆ ಇರಲಿ, ಅದರ ಪಕ್ಕ ಸಾಲಿನವರ ಮತವೂ ಇರಲಿ ಎಂದು ಕೇಳುತ್ತೇನೆ. ಮಗಳಿಗಾಗಿ ಎಂದು ಜನ ಆಡಿಕೊಂಡರೆ ಆಡಿಕೊಳ್ಳಲಿ.

ಹೊಟ್ಟೆ ತುಂಬ ಉಣ್ಣು, ಯಾರಿಗೂ ಬಗ್ಗಬೇಡ.

ನಿನ್ನ
ಅಮ್ಮ

ಮರೆತೆ. ಇಲ್ಲ, ಮರೆಯಲಿಲ್ಲ, ಧೈರ್ಯ ಬರಲಿಲ್ಲ. ಆ ಜಾಕೆಟ್ಟುಗಳು ಪೆಟ್ಟಿಗೆ ಸೇರುವ ಮುನ್ನ ನನ್ನ ತಪಾಸಣೆ ಮೇಜು ದಾಟಿಯೇ ಹೋದವು. ಒಂದೇ ಹೊಲಿಗೆಯ ಪಟ್ಟಿಯೊಂದು ನನ್ನ ಕಣ್ಣಿಗೆ ಬಿದ್ದಿತ್ತು. ಪರೀಕ್ಷೆಯ ಹೊತ್ತಲ್ಲಿ ಮಗಳಿಗೆ ಕೆಟ್ಟ ಹೆಸರು ಬೇಡವೆಂದು 'ಸರಿ ಇದೆ' ಮುದ್ರೆ ಒತ್ತಿದೆ. ಅವಳಿಗಿದು ಗೊತ್ತಿಲ್ಲ. ನಾಳೆ ಸಭೆಯಲ್ಲಿ ನನ್ನ ಮೊದಲ ಮಾತು ಇದೇ; ಅವಳು ಮುಂದಿನ ಸಾಲಲ್ಲೇ ಕೂತಿರುತ್ತಾಳೆ.